ಬೀಟೆ ಮರದ ಬಾಗಿಲು ಮತ್ತು ನಾಲ್ವಡಿ ಕೃಷ್ಣರಾಜ ಒಡೆಯರ್

ನಾಲ್ವಡಿ ಕೃಷ್ಣರಾಜ ಒಡೆಯರ್ ಎಂದೊಡನೆ ಕನ್ನಡಿಗರ ನೆನಪಿಗೆ ಬರುವುದು ಕನ್ನಂಬಾಡಿ ಕಟ್ಟೆ, ಮೈಸೂರು ವಿಶ್ವವಿದ್ಯಾನಿಲಯ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ. ನೀರು, ವಿದ್ಯೆ, ಕಬ್ಬಿಣಗಳ ಈ ದೊಡ್ಡ ಕಥೆಯ ಪಕ್ಕದಲ್ಲಿ ಮರದ ಸಣ್ಣ ಕಥೆಯೊಂದಿದೆ. ಮರದ ಅರಮನೆಯೊಂದು ಸುಟ್ಟು ಬೂದಿಯಾದಾಗ ಈ ಅರಸನಿಗೆ ಹನ್ನೆರಡು ವರ್ಷ. ಅದರ ಜಾಗದಲ್ಲಿ ಕಲ್ಲಿನ ಅರಮನೆ ಎದ್ದು ನಿಂತಾಗ ಇಪ್ಪತ್ತೆಂಟು. ಈ ಎರಡರ ನಡುವಿನ ವರ್ಷಗಳಲ್ಲಿ ಮೈಸೂರಿನ ಕುಸುರಿಗಾರ ಮನೆತನಗಳ ಕೈಗೆ ಕೆಲಸವೂ ಆ ಕೆಲಸಕ್ಕೆ ಮಾರುಕಟ್ಟೆಯೂ ದೊರೆತವು. ಬೀಟೆ ಮರದ ಹಲಗೆಯ ಮೇಲೆ ಬೇರೆ ಬೇರೆ ಮರದ ಚೂರುಗಳನ್ನು ಕೂರಿಸಿ ಚಿತ್ರ ಬಿಡಿಸುವ ಕಲೆ ಇಂದಿಗೂ ಮೈಸೂರಿನ ಹೆಸರಿನೊಡನೆ ಗುರುತಿಸಿಕೊಂಡಿದ್ದರೆ, ಅದರ ಹಿಂದೆ ಆ ವರ್ಷಗಳ ಪಾಲು ದೊಡ್ಡದು.

ಬಾಲಕ ಅರಸು

ಕೃಷ್ಣರಾಜರು ಹುಟ್ಟಿದ್ದು 1884ರ ಜೂನ್ 4ರಂದು. ತಂದೆ ಹತ್ತನೆಯ ಚಾಮರಾಜೇಂದ್ರ ಒಡೆಯರ್, ತಾಯಿ ಕೆಂಪನಂಜಮ್ಮಣ್ಣಿ. ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರುಗಳ ಆಡಳಿತದ ಬಳಿಕ 1881ರಲ್ಲಷ್ಟೇ ರಾಜ್ಯ ಒಡೆಯರ ಮನೆತನಕ್ಕೆ ಮರಳಿ ಬಂದಿತ್ತು. ಆ ಸಂತಸ ಬಹುಕಾಲ ಉಳಿಯಲಿಲ್ಲ. 1894ರ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಹೋಗಿದ್ದ ಚಾಮರಾಜೇಂದ್ರರು ಅಲ್ಲಿಯೇ ಕಾಯಿಲೆ ಬಿದ್ದು ತೀರಿಕೊಂಡರು. ಅವರಿಗಾಗ ಇನ್ನೂ ಮೂವತ್ತೆರಡು ತುಂಬಿರಲಿಲ್ಲ. ಹತ್ತು ವರ್ಷದ ಮಗ 1895ರ ಫೆಬ್ರವರಿಯಲ್ಲಿ ಸಿಂಹಾಸನವೇರಿದರು. ಆಡಳಿತದ ಹೊಣೆ ವಾಣಿವಿಲಾಸ ಸನ್ನಿಧಾನ ಎಂಬ ಬಿರುದು ಪಡೆದ ತಾಯಿಯ ಮೇಲೆ ಬಿತ್ತು.

ಆ ಸಿಂಹಾಸನವೂ ಮೂಲದಲ್ಲಿ ಮರದ್ದೇ. ಅತ್ತಿ ಮರದ ಪೀಠಕ್ಕೆ ಆನೆಯ ದಂತದ ಹಲಗೆಗಳನ್ನು ಕೂರಿಸಿ ಮಾಡಿದ ಅದಕ್ಕೆ ಚಿನ್ನದ ಹೊದಿಕೆ ಬಂದದ್ದು ಆಮೇಲೆ ಎಂಬುದು ಅರಮನೆಯ ಪ್ರತೀತಿ. ದಸರೆಯ ಚಿನ್ನದ ಅಂಬಾರಿಯ ಒಳಗೆ ಇರುವುದೂ ಮರದ ಚೌಕಟ್ಟೇ. ಮೈಸೂರಿನ ರಾಜವೈಭವದ ಹೊಳಪನ್ನು ಕೆರೆದು ನೋಡಿದರೆ ಅಡಿಯಲ್ಲಿ ಬಡಗಿಯ ಕೈ ಕಾಣುತ್ತದೆ.

ಬಾಲಕ ಅರಸು ಬೆಳೆಯುತ್ತಿದ್ದ ಅರಮನೆಯೂ ಹೆಚ್ಚಾಗಿ ಮರದಿಂದಲೇ ಕಟ್ಟಿದ್ದು. ಟಿಪ್ಪುವಿನ ಪತನದ ನಂತರ, ಮುಮ್ಮಡಿ ಕೃಷ್ಣರಾಜರ ಬಾಲ್ಯದಲ್ಲಿ, 1803ರ ಹೊತ್ತಿಗೆ ಎದ್ದ ಕಟ್ಟಡ ಅದು. 1897ರ ಫೆಬ್ರವರಿಯಲ್ಲಿ ಹಿರಿಯ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂಭ್ರಮದ ನಡುವೆ ಅದಕ್ಕೆ ಬೆಂಕಿ ಹತ್ತಿತು. ಒಣಗಿ ನೂರು ವರ್ಷ ಸಮೀಪಿಸಿದ್ದ ಮರಕ್ಕೆ ಕಿಚ್ಚು ಹಿಡಿದರೆ ಉಳಿಯುವುದೇನು? ಅರಮನೆಯ ಬಹುಭಾಗ ಬೂದಿಯಾಯಿತು. ರಾಜಪರಿವಾರ ಜಗನ್ಮೋಹನ ಅರಮನೆಗೆ ಬಿಡಾರ ಬದಲಿಸಿತು. ಮುಂದಿನ ಹದಿನೈದು ವರ್ಷ ಅದೇ ಅವರ ಮನೆ.

ಕಲ್ಲಿನ ಅರಮನೆ, ಮರದ ಬಾಗಿಲು

ತಾಯಿ ಕೆಂಪನಂಜಮ್ಮಣ್ಣಿ ತಡಮಾಡಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಹೊಸ ಅರಮನೆಯ ಕೆಲಸ ಆರಂಭವಾಯಿತು. ವಾಸ್ತುಶಿಲ್ಪಿ ಹೆನ್ರಿ ಇರ್ವಿನ್. ಬೆಂಕಿಯ ಪಾಠ ಮರೆಯುವಂತಿರಲಿಲ್ಲ. ಈ ಬಾರಿ ಗೋಡೆಗಳು ಬೂದುಬಣ್ಣದ ಕಣಶಿಲೆಯವು, ಕಲ್ಯಾಣ ಮಂಟಪದ ಕಂಬಗಳು ಗ್ಲಾಸ್ಗೊದಲ್ಲಿ ಎರಕ ಹೊಯ್ದ ಕಬ್ಬಿಣದವು. 1912ರಲ್ಲಿ ಕೆಲಸ ಮುಗಿದಾಗ ತಗುಲಿದ ವೆಚ್ಚ 41,47,913 ರೂಪಾಯಿ.

ಈ ಖರ್ಚನ್ನು ಕಾಲದಿಂದ ಬಿಡಿಸಿ ನೋಡುವುದು ನ್ಯಾಯವಲ್ಲ. ಅರಮನೆಯ ಕೆಲಸ ಶುರುವಾದ ಮರುವರ್ಷವೇ, 1898ರಲ್ಲಿ, ಸಂಸ್ಥಾನಕ್ಕೆ ಪ್ಲೇಗ್ ಕಾಲಿಟ್ಟಿತು. ಊರುಗಳು ಖಾಲಿಯಾದವು, ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಬದುಕಿದರು. ಅಂಥ ಹೊತ್ತಿನಲ್ಲಿ ಅರಮನೆಗೆ ಅಷ್ಟು ಹಣ ಸುರಿಯಬೇಕಿತ್ತೇ ಎಂಬ ಪ್ರಶ್ನೆಗೆ ಇಂದಿಗೂ ಬೆಲೆಯಿದೆ. ಆದರೆ ಆ ಹಣದ ಒಂದು ಪಾಲು ಕಲ್ಲುಕುಟಿಗರು, ಬಡಗಿಗಳು, ಕಮ್ಮಾರರು, ಚಿತ್ರಗಾರರ ಮನೆಗಳಿಗೆ ಹದಿನೈದು ವರ್ಷ ಕೂಲಿಯಾಗಿ ಹರಿಯಿತು ಎಂಬುದೂ ಅಷ್ಟೇ ನಿಜ. ಒಂದು ತಲೆಮಾರಿನ ಮಕ್ಕಳು ತಂದೆಯರ ಪಕ್ಕದಲ್ಲಿ ಕುಳಿತು ಕಸುಬು ಕಲಿಯಲು ಹದಿನೈದು ವರ್ಷ ಸಾಕು.

ಕಲ್ಲಿನ ಅರಮನೆಯಲ್ಲಿಯೂ ಮರ ತನ್ನ ಜಾಗ ಬಿಟ್ಟುಕೊಡಲಿಲ್ಲ. ಅರಸರು ಆಪ್ತ ದರ್ಬಾರು ನಡೆಸುತ್ತಿದ್ದ ಅಂಬಾವಿಲಾಸವನ್ನು ಸೇರುವ ದಾರಿಯಲ್ಲಿ ದಂತದ ಕುಸುರಿ ತುಂಬಿದ ಬೀಟೆ ಮರದ ಬಾಗಿಲು ಇದೆ. ಅದು ತೆರೆದುಕೊಳ್ಳುವುದು ಗಣಪತಿಯ ಗುಡಿಯ ಕಡೆಗೆ. ಒಳಗೆ ಬಂದವರ ಕಣ್ಣು ಚಿನ್ನದ ಬಣ್ಣದ ಕಂಬಗಳ ಮೇಲೆ, ಬಣ್ಣದ ಗಾಜಿನ ಛಾವಣಿಯ ಮೇಲೆ, ದೀಪಗುಚ್ಛಗಳ ಮೇಲೆ ಹರಿಯುತ್ತದೆ. ಬಾಗಿಲ ಮುಂದೆ ನಿಲ್ಲುವವರು ಕಡಿಮೆ. ನಿಂತು ನೋಡಿದವರಿಗೆ ಮಾತ್ರ ಕಪ್ಪುಗೆಂಪು ಮರದೊಳಗೆ ಬಿಳಿಯ ಬಳ್ಳಿ ಹಬ್ಬಿರುವುದು, ಬೆರಳಾಡಿಸಿದರೂ ಎಲ್ಲಿ ಮರ ಮುಗಿದು ದಂತ ಆರಂಭವಾಯಿತು ಎಂಬುದು ತಿಳಿಯದಿರುವುದು ಅರಿವಾಗುತ್ತದೆ.

ಈ ಕಸುಬು ಮೈಸೂರು ಸೀಮೆಗೆ ಆಗ ಹೊಸದೇನಲ್ಲ. ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿ ಹೈದರ್, ಟಿಪ್ಪು ಸಮಾಧಿಗಳಿಗೆ ಗವರ್ನರ್ ಜನರಲ್ ಡಾಲ್‌ಹೌಸಿ ಮಾಡಿಸಿಕೊಟ್ಟ ದಂತದ ಕುಸುರಿಯ ಬಾಗಿಲುಗಳು ಹತ್ತೊಂಬತ್ತನೆಯ ಶತಮಾನದ ನಡುಭಾಗದವು. ಪಶ್ಚಿಮಘಟ್ಟದ ಕಾಡಿನಲ್ಲಿ ಬೀಟೆ ಮರವೂ ಇತ್ತು, ಆನೆಯೂ ಇತ್ತು. ಎರಡೂ ಸಿಗುವ ಊರಿನಲ್ಲಿ ಎರಡನ್ನೂ ಬೆಸೆಯುವ ಕೈಗಳು ಹುಟ್ಟಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಮನೆಯಿಂದ ಶಾಲೆಗೆ

1902ರ ಆಗಸ್ಟ್ 8ರಂದು ಜಗನ್ಮೋಹನ ಅರಮನೆಯಲ್ಲಿ ವೈಸ್‌ರಾಯ್ ಕರ್ಜನ್ ಸಮ್ಮುಖದಲ್ಲಿ ಹದಿನೆಂಟರ ಕೃಷ್ಣರಾಜರು ಪೂರ್ಣಾಧಿಕಾರ ವಹಿಸಿಕೊಂಡರು. ಸ್ಟುವರ್ಟ್ ಫ್ರೇಸರ್ ಎಂಬ ಐಸಿಎಸ್ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಆಡಳಿತದ ಶಿಕ್ಷಣ ಆಗಲೇ ಮುಗಿದಿತ್ತು. ಅದೇ ಶಾಲೆಯಲ್ಲಿ ಅವರೊಡನೆ ಓದಿದ ಮಿರ್ಜಾ ಇಸ್ಮಾಯಿಲ್ ಮುಂದೆ ಅವರ ದಿವಾನರಾಗಲಿದ್ದರು.

ಯುವ ಅರಸನ ಆರಂಭದ ಕೆಲಸಗಳಲ್ಲಿ ಒಂದು, ಕಸುಬಿನ ಶಾಲೆಗೆ ಭದ್ರ ನೆಲೆ ಒದಗಿಸಿದ್ದು. 1906ರ ಜನವರಿಯಲ್ಲಿ ಮೈಸೂರಿಗೆ ಬಂದಿದ್ದ ಬ್ರಿಟನ್ನಿನ ಯುವರಾಜ, ಮುಂದೆ ಐದನೆಯ ಜಾರ್ಜ್ ಎನಿಸಿದವರು, ತಾಂತ್ರಿಕ ವಿದ್ಯಾಸಂಸ್ಥೆಗೆ ಅಡಿಗಲ್ಲು ಹಾಕಿದರು. ಸಯ್ಯಾಜಿರಾವ್ ರಸ್ತೆಯ ಆ ಕಟ್ಟಡ 1913ರಲ್ಲಿ ತೆರೆಯಿತು. ಅದಕ್ಕೆ ಇಟ್ಟ ಹೆಸರು ಚಾಮರಾಜೇಂದ್ರ ಎಂದು. ಹತ್ತನೆಯ ವಯಸ್ಸಿನಲ್ಲಿ ಕಳೆದುಕೊಂಡ ತಂದೆಯ ಹೆಸರನ್ನು ಮಗ ಕಸುಬುದಾರರ ಶಾಲೆಯ ಬಾಗಿಲ ಮೇಲೆ ಬರೆಸಿದರು. ಅದಕ್ಕೂ ಮೊದಲು, 1907ರಲ್ಲಿ, ದಸರೆಯ ಜೊತೆಗೆ ಕೈಗಾರಿಕಾ ಮತ್ತು ಕೃಷಿ ವಸ್ತುಪ್ರದರ್ಶನ ಆರಂಭವಾಗಿತ್ತು. ದಸರೆಗೆ ಬಂದ ಅತಿಥಿಗಳು, ಅಧಿಕಾರಿಗಳು, ಪಕ್ಕದ ಊರುಗಳ ಅನುಕೂಲಸ್ಥರು ಅಲ್ಲಿಗೂ ಬರುತ್ತಿದ್ದರು. ಅರಮನೆಯೊಂದೇ ಗಿರಾಕಿಯಾಗಿದ್ದ ಕಸುಬಿಗೆ ಊರೇ ಗಿರಾಕಿಯಾಗುವ ದಾರಿ ಹೀಗೆ ತೆರೆಯಿತು.

ಇದರ ಮಹತ್ವ ತಿಳಿಯಬೇಕಾದರೆ ಕಸುಬಿನ ಸ್ವರೂಪ ತಿಳಿದಿರಬೇಕು. ಇನ್‌ಲೇ ಚಿತ್ರಕ್ಕೆ ಮೊದಲು ಕಾಗದದ ಮೇಲೆ ನಕ್ಷೆ ಬೇಕು. ನಕ್ಷೆಯ ಒಂದೊಂದು ಭಾಗವನ್ನೂ ಅದಕ್ಕೆ ಹೊಂದುವ ಬಣ್ಣದ ಮರದ ತೆಳು ಹಲಗೆಯ ಮೇಲೆ ಗುರುತಿಸಿ, ಕೂದಲೆಳೆಯಂಥ ಗರಗಸದಿಂದ ಕತ್ತರಿಸಬೇಕು. ಹಳದಿಗೆ ಹಲಸು, ಕಂದಿಗೆ ತೇಗ, ಕಪ್ಪಿಗೆ ಕರಿಮರ. ಹೀಗೆ ಮರವೇ ಬಣ್ಣದ ಬಟ್ಟಲು. ಕತ್ತರಿಸಿದ ಚೂರುಗಳನ್ನೆಲ್ಲ ಜೋಡಿಸಿ, ಅವುಗಳ ಆಕಾರವನ್ನು ಬೀಟೆ ಹಲಗೆಯ ಮೇಲೆ ಗೀಚಿ, ಉಳಿಯಿಂದ ಅಷ್ಟೇ ಆಳಕ್ಕೆ ಹಲಗೆಯನ್ನು ಕೊರೆದು, ಅಂಟು ಹಚ್ಚಿ ಕೂರಿಸಬೇಕು. ಆಮೇಲೆ ಉಪ್ಪುಕಾಗದದಿಂದ ಉಜ್ಜಿ ಸಮ ಮಾಡಿ, ಕಣ್ಣು, ಗರಿ, ಬಟ್ಟೆಯ ಮಡಿಕೆಗಳಂಥ ಸೂಕ್ಷ್ಮ ಗೆರೆಗಳನ್ನು ಕೆತ್ತಿ, ಕೊನೆಗೆ ಪಾಲಿಶ್ ಕೊಡಬೇಕು. ಮರ ಚೆನ್ನಾಗಿ ಒಣಗಿರದಿದ್ದರೆ ಮಳೆಗಾಲದಲ್ಲಿ ಹಿಗ್ಗಿ, ಬೇಸಿಗೆಯಲ್ಲಿ ಕುಗ್ಗಿ, ಕೂರಿಸಿದ ಚೂರು ಎದ್ದುಬರುತ್ತದೆ.

ಯಾವ ಹಲಗೆಯ ನಾರು ಹೊಳೆಯ ಅಲೆಯಂತೆ ಕಾಣುತ್ತದೆ, ಯಾವುದು ಸಂಜೆಯ ಮುಗಿಲಿಗೆ ಒಪ್ಪುತ್ತದೆ ಎಂಬುದನ್ನು ಪುಸ್ತಕ ಕಲಿಸಲಾರದು. ಅದು ಅಪ್ಪನ ಪಕ್ಕದಲ್ಲಿ ಚೂರುಗಳನ್ನು ಆಯ್ದುಕೊಡುತ್ತ ಬೆಳೆದ ಮಗನಿಗೆ, ಮಾವನ ಕೈಕೆಳಗೆ ಉಜ್ಜುವ ಕೆಲಸ ಮಾಡಿದ ಅಳಿಯನಿಗೆ ತಾನಾಗಿ ಬರುತ್ತದೆ. ಆದ್ದರಿಂದಲೇ ಮೈಸೂರಿನ ಹಳೆಯ ಮೊಹಲ್ಲಾಗಳಲ್ಲಿ ಈ ಕಸುಬು ಮನೆತನಗಳ ಸೊತ್ತಾಗಿ ಉಳಿಯಿತು. ಮನೆತನದ ಕಲಿಕೆಗೊಂದು ಮಿತಿಯೂ ಇದೆ. ಮನೆಯಲ್ಲಿ ನಕ್ಷೆ ಬದಲಾಗುವುದಿಲ್ಲ, ಗಿರಾಕಿ ಬದಲಾಗುವುದಿಲ್ಲ. ಮಗನಿಲ್ಲದ ಮನೆಯಲ್ಲಿ ವಿದ್ಯೆ ನಿಂತೇ ಹೋಗುತ್ತದೆ. ಶಾಲೆ ಆ ಗೋಡೆಯನ್ನು ಸ್ವಲ್ಪ ಒಡೆಯಿತು. ರೇಖಾಚಿತ್ರವನ್ನು ಕ್ರಮವಾಗಿ ಕಲಿಯುವ ಅವಕಾಶ ಕಸುಬುದಾರರ ಮಕ್ಕಳಿಗೂ ಇತರರಿಗೂ ಒಂದೇ ಸೂರಿನಡಿ ದೊರೆಯಿತು. ಮನೆ ಕೈಯನ್ನು ಪಳಗಿಸಿದರೆ ಶಾಲೆ ಕಣ್ಣನ್ನು ಪಳಗಿಸಿತು.

ಮರಕ್ಕೆ ಬೆಲೆ ಕಟ್ಟಿದ ಆಡಳಿತ

ಕಚ್ಚಾ ಸಾಮಗ್ರಿಯನ್ನು ಹಾಗೆಯೇ ಹೊರಗೆ ಕಳಿಸದೆ ಊರಿನ ಕೈಗಳಿಂದ ಅದರ ಬೆಲೆ ಹೆಚ್ಚಿಸಬೇಕು ಎಂಬ ವಿಚಾರ ನಾಲ್ವಡಿಯವರ ಆಡಳಿತದ ಉದ್ದಕ್ಕೂ ಕಾಣುತ್ತದೆ. ಮೊದಲ ಮಹಾಯುದ್ಧದಿಂದಾಗಿ ಜರ್ಮನಿಗೆ ಹೋಗುತ್ತಿದ್ದ ಶ್ರೀಗಂಧದ ವ್ಯಾಪಾರ ನಿಂತಾಗ, ಮರ ಕೊಳೆಯಲು ಬಿಡದೆ 1916ರಲ್ಲಿ ಗಂಧದೆಣ್ಣೆ ತೆಗೆಯುವ ಕೆಲಸ ಸಂಸ್ಥಾನದಲ್ಲಿಯೇ ಆರಂಭವಾಯಿತು. ಸಾಬೂನು ಅದರ ಹಿಂದೆಯೇ ಬಂತು. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಯೋಜನಾಶಕ್ತಿ, 1926ರಲ್ಲಿ ದಿವಾನರಾದ ಮಿರ್ಜಾ ಇಸ್ಮಾಯಿಲರ ಸೌಂದರ್ಯಪ್ರಜ್ಞೆ ಎರಡಕ್ಕೂ ಅರಸರು ಜಾಗ ಕೊಟ್ಟರು. ಗಂಧದೆಣ್ಣೆಯ ಕಾರ್ಖಾನೆಗೂ ಕುಸುರಿ ಕಲಿಸುವ ಶಾಲೆಗೂ ಹಿಂದಿದ್ದ ಲೆಕ್ಕಾಚಾರ ಒಂದೇ. ದಿಮ್ಮಿಯಾಗಿ ಹೋದ ಮರ ಒಮ್ಮೆ ಹಣ ತರುತ್ತದೆ; ಕೈ ತಾಗಿದ ಮರ ಒಂದು ಮನೆಯನ್ನು ಸಾಕುತ್ತದೆ.

ವಿದ್ಯೆ ಕೆಲವೇ ಮನೆಗಳ ಸೊತ್ತಾಗಬಾರದೆಂಬ ಕಾಳಜಿ ಬೇರೆಡೆಯಲ್ಲೂ ಇತ್ತು. ಸರ್ಕಾರಿ ನೌಕರಿಗಳಲ್ಲಿ ಬ್ರಾಹ್ಮಣೇತರರಿಗೆ ಪಾಲು ಒದಗಿಸುವ ದಾರಿ ಹುಡುಕಲು 1918ರಲ್ಲಿ ಮಿಲ್ಲರ್ ಸಮಿತಿ ರಚನೆಯಾಯಿತು. ಈ ವಿಷಯದಲ್ಲಿ ಭಿನ್ನಾಭಿಪ್ರಾಯವಿದ್ದ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರೂ ಅರಸರು ಹಿಂದೆ ಸರಿಯಲಿಲ್ಲ. ಹುಟ್ಟಿನಿಂದ ಬಂದ ಅಧಿಕಾರದ ಮೇಲೆ ಕುಳಿತವರೊಬ್ಬರು ಹುಟ್ಟಿನಿಂದ ಬರುವ ಅವಕಾಶದ ಬೇಲಿಯನ್ನು ಸಡಿಲಿಸಿದರು.

ಸ್ವಂತ ಬದುಕಿನಲ್ಲಿ ಅವರು ಮಿತಭಾಷಿ, ದೈವಭಕ್ತ. ವೀಣೆ, ಪಿಟೀಲು, ಕೊಳಲು, ಪಿಯಾನೊ ಮೊದಲಾಗಿ ಹಲವು ವಾದ್ಯಗಳನ್ನು ನುಡಿಸಬಲ್ಲವರಾಗಿದ್ದರು. 1931ರಲ್ಲಿ ಕೈಲಾಸ ಮಾನಸ ಸರೋವರದ ಕಷ್ಟದ ಯಾತ್ರೆ ಮಾಡಿ ಬಂದರು. ವಾದ್ಯವೂ ಕೈಯ ಕಸುಬೇ. ದಿನವೂ ಸಾಧನೆ ಮಾಡದಿದ್ದರೆ ಕೈ ಮರೆಯುತ್ತದೆ ಎಂಬುದು ಬಲ್ಲ ಅರಸನಿಗೆ ಉಳಿ ಹಿಡಿದ ಕೈಯ ಬೆಲೆ ವಿವರಿಸಿ ಹೇಳಬೇಕಾಗಿರಲಿಲ್ಲ.

ಮಕ್ಕಳಿಲ್ಲದ ಅರಸು

1900ರ ಜೂನ್‌ನಲ್ಲಿ ಕಾಠಿಯಾವಾಡದ ವಣಾ ಸಂಸ್ಥಾನದ ಪ್ರತಾಪಕುಮಾರಿಯವರೊಡನೆ ಕೃಷ್ಣರಾಜರ ವಿವಾಹವಾಗಿತ್ತು. ಈ ದಂಪತಿಗೆ ಮಕ್ಕಳಾಗಲಿಲ್ಲ. ತಂದೆಯಿಂದ ಮಗನಿಗೆ ಎಂಬ ಸಾಲು ಅರಮನೆಯಲ್ಲಿ ಅಲ್ಲಿಗೆ ನಿಂತಿತು. ಆಸರೆಯಾಗಿದ್ದ ತಾಯಿ 1934ರಲ್ಲಿ ತೀರಿಕೊಂಡರು. ಉತ್ತರಾಧಿಕಾರಿ ಎನಿಸಿದ್ದ ತಮ್ಮ, ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್, 1940ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ನಿಧನರಾದರು. ಅದಾದ ಐದೇ ತಿಂಗಳಿಗೆ, 1940ರ ಆಗಸ್ಟ್ 3ರಂದು, ಬೆಂಗಳೂರಿನಲ್ಲಿ ಕೃಷ್ಣರಾಜರೂ ಕಣ್ಣುಮುಚ್ಚಿದರು. ವಯಸ್ಸು ಐವತ್ತಾರು. ಸಿಂಹಾಸನ ತಮ್ಮನ ಮಗ ಜಯಚಾಮರಾಜರಿಗೆ ಹೋಯಿತು.

ಏಳು ವರ್ಷಗಳಲ್ಲಿ ಸ್ವಾತಂತ್ರ್ಯ ಬಂತು, ಸಂಸ್ಥಾನ ಭಾರತದೊಡನೆ ಸೇರಿತು. 1971ರಲ್ಲಿ ರಾಜಧನವೂ ರದ್ದಾಯಿತು. ಆಶ್ರಯ ಕೊಟ್ಟ ಮನೆ ಸ್ವತಃ ಆಶ್ರಯ ಹುಡುಕುವ ಕಾಲ ಬಂದಾಗ ಕುಸುರಿಗಾರರ ಗತಿ ಏನಾಗಬೇಕಿತ್ತು? ಅರಮನೆಯನ್ನೇ ನೆಚ್ಚಿಕೊಂಡಿದ್ದರೆ ಕಸುಬು ಅರಸೊತ್ತಿಗೆಯ ಜೊತೆಗೇ ಮುಗಿಯುತ್ತಿತ್ತು. ಹಾಗಾಗಲಿಲ್ಲ. ವಸ್ತುಪ್ರದರ್ಶನ ದಸರೆಯೊಡನೆ ಮುಂದುವರಿದಿತ್ತು. 1964ರಲ್ಲಿ ಸ್ಥಾಪನೆಯಾದ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಕಾವೇರಿ ಮಳಿಗೆ ಸಯ್ಯಾಜಿರಾವ್ ರಸ್ತೆಯ ಅದೇ ಚಾಮರಾಜೇಂದ್ರ ಸಂಸ್ಥೆಯ ಆವರಣದಲ್ಲಿ ಕುಸುರಿಯ ವಸ್ತುಗಳನ್ನು ಮಾರತೊಡಗಿತು. ಅರಸು ಹೋದರೂ ಅರಸು ತೆರೆದ ಅಂಗಡಿಯ ಬೀದಿ ಉಳಿದಿತ್ತು.

ದಂತ ಹೋಯಿತು, ಮರ ಉಳಿಯಿತು

ದೊಡ್ಡ ಪರೀಕ್ಷೆ ಬಂದದ್ದು ಬೇರೆ ಕಡೆಯಿಂದ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಬಂದ ತಿದ್ದುಪಡಿ ಭಾರತದ ಆನೆಯ ದಂತದ ವ್ಯಾಪಾರವನ್ನು ನಿಷೇಧಿಸಿತು. 1991ರ ತಿದ್ದುಪಡಿ ಆಫ್ರಿಕಾದ ದಂತಕ್ಕೂ ಬಾಗಿಲು ಮುಚ್ಚಿತು. ಅರಮನೆಯ ಬಾಗಿಲಿನ ಬಿಳಿಯ ಬಳ್ಳಿಗಾಗಿ ಎಷ್ಟು ಆನೆಗಳು ಸತ್ತಿದ್ದವೋ ಲೆಕ್ಕವಿಟ್ಟವರಿಲ್ಲ. ಕಾನೂನು ಬೇಕಾಗಿಯೇ ಇತ್ತು. ಆದರೆ ದಂತದ ಮೇಲೆ ಗೆರೆ ಎಳೆಯುವುದನ್ನೇ ಜೀವನವಿಡೀ ಕಲಿತ ಕೈಗಳಿಗೆ ಅದು ಸಣ್ಣ ಪೆಟ್ಟಲ್ಲ.

ಆ ಹೊತ್ತಿನಲ್ಲಿ ಕಸುಬನ್ನು ಕಾಪಾಡಿದ್ದು ಮರ. ದಂತದ ಬಿಳಿ ಇಲ್ಲವಾದಾಗ ತಿಳಿಬಣ್ಣದ ಮರಗಳು ಹೆಚ್ಚು ಬಳಕೆಗೆ ಬಂದವು. ಕೆಲವು ಕಡೆ ಬಿಳಿಯ ಪ್ಲಾಸ್ಟಿಕ್ ಕೂಡ ಬಂತು. ಬಳ್ಳಿ, ಹೂವುಗಳ ಅಂಚಿನ ಜೊತೆಗೆ ಇಡೀ ಹಲಗೆಯನ್ನು ತುಂಬುವ ಚಿತ್ರಗಳು ಕುಸುರಿಗಾರರ ಮುಖ್ಯ ಕೆಲಸವಾದವು. ಗೀತೋಪದೇಶ, ಕಾಡಿನ ಆನೆಗಳ ಹಿಂಡು, ಎತ್ತಿನ ಗಾಡಿಯ ಹಳ್ಳಿ, ಎಲ್ಲಕ್ಕಿಂತ ಹೆಚ್ಚಾಗಿ ದಸರಾ ಮೆರವಣಿಗೆ. ಅರಮನೆಯ ಕಲ್ಯಾಣ ಮಂಟಪದ ಗೋಡೆಗಳ ಮೇಲೆ ನಾಲ್ವಡಿಯವರ ಕಾಲದ ದಸರೆಯ ದೊಡ್ಡ ವರ್ಣಚಿತ್ರಗಳಿವೆ. ಅದೇ ಆನೆ, ಅದೇ ಅಂಬಾರಿ, ಅದೇ ಸಾಲು ಮರದ ಚೂರುಗಳಲ್ಲಿ ಮತ್ತೆ ಮತ್ತೆ ಮೂಡಿ ರಾಜ್ಯದ ಎಷ್ಟೋ ಮನೆ, ಕಚೇರಿಗಳ ಗೋಡೆ ಸೇರಿವೆ.

ಮೈಸೂರಿನ ಅರಸರ ಆಶ್ರಯದ ಹೊರಗಿದ್ದ ಸೀಮೆಗಳಲ್ಲಿಯೂ ಮನೆತನಗಳು ಮರವನ್ನು ನಂಬಿ ಬದುಕಿವೆ. ಹಿಂದೆ ನಿಜಾಮರ ಸಂಸ್ಥಾನಕ್ಕೆ ಸೇರಿದ್ದು, ರಾಯಚೂರು ಜಿಲ್ಲೆಯಲ್ಲಿದ್ದು, 1997ರಲ್ಲಿ ಹೊಸ ಕೊಪ್ಪಳ ಜಿಲ್ಲೆಯ ಪಾಲಾದ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ಹಗುರ ಮರದಲ್ಲಿ ಬೊಂಬೆ, ದೇವರ ಮೂರ್ತಿ ಮಾಡಿ ಬಣ್ಣ ತುಂಬುತ್ತ ಬಂದಿವೆ. ಅಲ್ಲಿ ಬಣ್ಣ ಮರದ ಮೇಲೆ ಕೂರುತ್ತದೆ, ಮೈಸೂರಿನಲ್ಲಿ ಮರವೇ ಬಣ್ಣವಾಗುತ್ತದೆ. ಎರಡೂ ಕಡೆ ವಿದ್ಯೆ ದಾಟುವ ಹಾದಿ ಒಂದೇ, ಹಿರಿಯರ ಕೈಯಿಂದ ಕಿರಿಯರ ಕೈಗೆ. ಎರಡೂ ಕಡೆ ಎದುರಾಗುವ ಪ್ರಶ್ನೆಯೂ ಒಂದೇ, ಮುಂದಿನ ಮಗ ಈ ಕೆಲಸಕ್ಕೆ ಕೂರುವನೇ ಎಂಬುದು.

ಮೈಸೂರು ಬೀಟೆ ಮರದ ಕುಸುರಿಗೆ 2005ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಹೆಸರಿಗೆ ಕಾನೂನಿನ ಕಾವಲು ದೊರೆಯಿತು. ಆದರೆ ಬೀಟೆ ಮರವೇ ಅಪರೂಪವಾಗುತ್ತಿದೆ. 2017ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ನಿರ್ಬಂಧಗಳು ಬಂದಿವೆ. ತಿಂಗಳುಗಟ್ಟಲೆ ಕೂತು ಮಾಡುವ ಚಿತ್ರದ ಬೆಲೆಗೆ ಯಂತ್ರದಲ್ಲಿ ಕತ್ತರಿಸಿದ ಅಗ್ಗದ ಚಿತ್ರ ಪೈಪೋಟಿ ನೀಡುತ್ತದೆ. ಹೆಸರು ಉಳಿಸಿದರೆ ಸಾಲದು, ಕೈಗೆ ಮರ, ಕೆಲಸಕ್ಕೆ ಗಿರಾಕಿ, ಕಲಿಯುವ ಹುಡುಗನಿಗೆ ಮರ್ಯಾದೆಯ ಸಂಪಾದನೆ, ಈ ಮೂರೂ ಬೇಕು. ನಾಲ್ವಡಿಯವರು ಶಾಲೆ, ಪ್ರದರ್ಶನ, ಅರಮನೆಯ ಕೆಲಸಗಳ ಮೂಲಕ ಒದಗಿಸಿದ್ದು ಈ ಮೂರನ್ನೇ.

ಅರಮನೆ ನೋಡಲು ಬರುವವರಿಗೆ ಕಟ್ಟಿಸಿದ ಒಡೆಯರ ಹೆಸರು, ನಕ್ಷೆ ಬರೆದ ಇರ್ವಿನ್ ಹೆಸರು ಸುಲಭವಾಗಿ ಸಿಗುತ್ತದೆ. ಬಾಗಿಲಿಗೆ ದಂತ ಕೂರಿಸಿದವರ ಹೆಸರು ಕೇಳಿಬರುವುದು ಅಪರೂಪ. ಮಗನಿಲ್ಲದ ಅರಸನ ಹೆಸರು ಊರೂರಿನ ಬೀದಿ, ವೃತ್ತ, ಆಸ್ಪತ್ರೆಗಳಲ್ಲಿ ಉಳಿಯಿತು. ಮಕ್ಕಳು ಮೊಮ್ಮಕ್ಕಳಿದ್ದ ಕುಸುರಿಗಾರರ ಹೆಸರು ಬಾಗಿಲ ಹಿಂದೆಯೇ ನಿಂತಿತು. ಅವರು ಬಿಟ್ಟುಹೋದದ್ದು ಮೈಸೂರಿನ ಓಣಿಗಳಲ್ಲಿ ಇಂದಿಗೂ ಸಣ್ಣ ಗರಗಸದ ಸದ್ದಿನಲ್ಲಿ ಕೇಳಿಸುತ್ತದೆ. ಅಂಬಾವಿಲಾಸಕ್ಕೆ ಹೋದಾಗ ಛಾವಣಿ ನೋಡುವ ಮುನ್ನ ಒಂದು ಗಳಿಗೆ ಆ ಬೀಟೆ ಮರದ ಬಾಗಿಲ ಮುಂದೆ ನಿಂತರೆ, ಅರಸನಿಗೂ ಅವರಿಗೂ ಒಟ್ಟಿಗೆ ಗೌರವ ಸಲ್ಲಿಸಿದಂತಾಗುತ್ತದೆ.